ಸೋಲಾರ್ ಕಂಬದ ಬುಡದಲ್ಲಿ ಮಣ್ಣು ಮಾಡುವ ಕೆಲಸ

ಸೋಲಾರ್ ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಗ್ಯಾರಂಟಿ ಇರುತ್ತದೆ. ಅದನ್ನು ಹೊತ್ತು ನಿಂತ ಕಬ್ಬಿಣದ ಕಾಲು ಅಷ್ಟು ವರ್ಷ ಬಾಳುತ್ತದಾ ಅಂತ ಕೇಳುವವರು ಕಡಿಮೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಉಂಟು. ಅದು ಮಳೆ ಕಡಿಮೆ ಬೀಳುವ ಸೀಮೆ. ಅಲ್ಲಿಗೆ ಸರಿಹೋದ ಕಾಲನ್ನೇ ನಮ್ಮ ನರಿಮೊಗರಿನ ತೋಟಕ್ಕೆ ತಂದು ಹುಗಿದರೆ ಸಾಕಾ? ಇಲ್ಲಿಯ ಮಳೆಗಾಲವೇ ಬೇರೆ, ಮಣ್ಣೂ ಬೇರೆ.

ಕಾಲಿನ ಉಕ್ಕಿಗೆ ಸತುವಿನ ಲೇಪ ಇರುತ್ತದೆ. ನಾವು ಜಿಐ ಅನ್ನುವುದು ಇದನ್ನೇ. 3ರಿಂದ 6 ಮಿ.ಮೀ. ದಪ್ಪದ ಉಕ್ಕಿಗೆ ಐಎಸ್ಒ 1461 ಪ್ರಕಾರ ಸರಾಸರಿ 70 ಮೈಕ್ರಾನ್ ಸತು ಬೇಕು. ಅಂದರೆ ಹೆಚ್ಚುಕಮ್ಮಿ ಒಂದು ತಲೆಕೂದಲಿನ ದಪ್ಪ, ಅಷ್ಟೇ! ವರ್ಷಕ್ಕೆ 3.5 ಮೈಕ್ರಾನ್ ಸವೆದರೆ 20 ವರ್ಷ ಬರುತ್ತದೆ, 7 ಸವೆದರೆ ಹತ್ತೇ ವರ್ಷ. ಆಮೇಲೆ ಉಕ್ಕಿನ ಸರದಿ.

ಮಣ್ಣು ಎಷ್ಟು ತಿನ್ನುತ್ತದೆ ಅಂತ ಅಂದಾಜು ಮಾಡಲು ಮೊದಲು ನೋಡುವುದು ರೆಸಿಸ್ಟಿವಿಟಿ. ವೆನ್ನರ್ ವಿಧಾನದಲ್ಲಿ ನಾಲ್ಕು ಸರಳುಗಳನ್ನು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಊರಬೇಕು. ಹೊರಗಿನ ಎರಡರಲ್ಲಿ ಕರೆಂಟ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು. ಅಂತರ 1 ಮೀಟರ್, ಮೀಟರ್ ತೋರಿಸಿದ ರೆಸಿಸ್ಟೆನ್ಸ್ 40 ಓಮ್ ಆದರೆ, 2 × 3.14 × 1 × 40, ಸುಮಾರು 251 ಓಮ್-ಮೀಟರ್. 200ಕ್ಕಿಂತ ಮೇಲಿದ್ದರೆ ಅಪಾಯ ಇಲ್ಲವೆನ್ನುವಷ್ಟು ಕಡಿಮೆ, 10ಕ್ಕಿಂತ ಕೆಳಗಿದ್ದರೆ ತುಂಬಾ ಜಾಸ್ತಿ ಅಂತ ರೂಢಿಯ ಪಟ್ಟಿ.

ನಮ್ಮೂರಲ್ಲಿ ಈ ಪಟ್ಟಿಯನ್ನು ಮಾತ್ರ ನಂಬಬಾರದು. ಮುರಕಲ್ಲು ಮಣ್ಣಿನ ಲವಣವನ್ನೆಲ್ಲ ಮಳೆ ತೊಳೆದುಕೊಂಡು ಹೋಗಿರುತ್ತದೆ. ಏಪ್ರಿಲ್‌ನಲ್ಲಿ ಅಳೆದರೆ ಅಂಕಿ ಚೆಂದವೇ ಬರುತ್ತದೆ. ಜುಲೈಯಲ್ಲಿ ಅದೇ ಮಣ್ಣು ನೀರು ಕುಡಿದು ನಿಂತಾಗ ಅಂಕಿ ಇಳಿಯುತ್ತದೆ. ಅದಕ್ಕಿಂತ ಮುಖ್ಯ, ಈ ಮಣ್ಣು ಹುಳಿ. ಅಡಿಕೆ ಬುಡಕ್ಕೆ ಸುಣ್ಣ ಹಾಕುವುದು ಯಾಕೆ ಅಂತ ಮನೆಯಲ್ಲಿ ಅಜ್ಜನನ್ನು ಕೇಳಿದರೆ ಗೊತ್ತಾಗುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದಂತೆ ಸತು ಬೇಗ ಕರಗುತ್ತದೆ. ಇದನ್ನು ಓಮ್ ಮೀಟರ್ ಹೇಳುವುದಿಲ್ಲ. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್. ಸೋಲಾರ್ ಪಂಪಿನ ಸ್ಟ್ಯಾಂಡ್ ಅಡಿಕೆ ಬುಡದ ಪಕ್ಕದಲ್ಲೇ ಇದ್ದರೆ ಕ್ಲೋರೈಡೂ ಬಂತು.

ಇನ್ನೊಂದು ತಮಾಷೆ ಅರ್ಥಿಂಗ್‌ನದು. ಅರ್ಥಿಂಗ್ ಮಾಡುವವರಿಗೆ ರೆಸಿಸ್ಟೆನ್ಸ್ ಕಡಿಮೆ ಇರಬೇಕು. ಅದಕ್ಕೆ ಹೊಂಡಕ್ಕೆ ಉಪ್ಪು, ಇದ್ದಿಲು ಸುರಿಯುತ್ತಾರೆ. ಕಂಬಕ್ಕೆ ಬೇಕಾದದ್ದು ಅದರ ಉಲ್ಟಾ! ಜೊತೆಗೆ ಜಿಐ ಕಾಲನ್ನು ತಾಮ್ರದ ಅರ್ಥಿಂಗ್‌ಗೆ ಜೋಡಿಸಿದರೆ ಒದ್ದೆ ಮಣ್ಣಲ್ಲಿ ಅದೊಂದು ಬ್ಯಾಟರಿಯೇ ಆಗುತ್ತದೆ. ಸತು ಆನೋಡ್, ತಾಮ್ರ ಕ್ಯಾಥೋಡ್, ಸವೆಯುವುದು ಸತು. ಇಂಥ ಕಡೆ ಜಿಐ ಅರ್ಥಿಂಗೇ ವಾಸಿ, ಹೊಂಡವೂ ಕಾಲಿನಿಂದ ದೂರ ಇರಲಿ.

ಕಾಂಕ್ರೀಟ್ ಹಾಕಿದರೆ ಒಳಗಿನ ಭಾಗಕ್ಕೆ ರಕ್ಷಣೆ ಸಿಗುತ್ತದೆ. ಆದರೆ ಕಾಂಕ್ರೀಟಿನ ತಲೆ ನೆಲಕ್ಕೆ ಸಮ ಇದ್ದು, ಕಾಲಿನ ಸುತ್ತ ನೀರು ನಿಂತರೆ ಅಲ್ಲೇ ತುಕ್ಕು ಶುರು. ಒಂದು ಗೇಣು ಎತ್ತರಿಸಿ, ನೀರು ಜಾರುವ ಹಾಗೆ ಇಳಿಜಾರು ಕೊಡಬೇಕು.

ಕಾಂಕ್ರೀಟ್ ಇಲ್ಲದೆ ನೇರ ಮಣ್ಣಿಗೆ ಇಳಿಸಿದ ಕಾಲನ್ನು ಮೇಲಿಂದ ನೋಡಿ ಏನೂ ಹೇಳಲಾಗದು. ಮಳೆಗಾಲ ಮುಗಿದ ಮೇಲೆ ಒಂದೆರಡು ಕಾಲುಗಳ ಬುಡವನ್ನು ಒಂದಡಿ ಬಿಡಿಸಿ, ಕೋಟಿಂಗ್ ಗೇಜ್ ಇಟ್ಟು ಸತುವಿನ ದಪ್ಪ ಅಳೆದು, ತಾರೀಕಿನ ಜೊತೆ ಬರೆದಿಡಬೇಕು. ಮುಂದಿನ ಸಲವೂ ಅದೇ ಕಾಲು, ಅದೇ ಆಳ. ಎರಡು ಅಂಕಿ ಕೈಗೆ ಸಿಕ್ಕಿದರೆ ವರ್ಷಕ್ಕೆ ಎಷ್ಟು ಸವೆಯುತ್ತಿದೆ ಅಂತ ಭಾಗಾಕಾರ ಮಾಡಬಹುದು.