ಲವಂಗದೆಣ್ಣೆ ಬಿಟ್ಟರೆ ಮಾಂಸ ಕೆಡದೇ?

ಪ್ರಶ್ನೆ: ಮನೆಯಲ್ಲೇ ಹಂದಿಮಾಂಸದ ಉಪ್ಪಿನಕಾಯಿ ಮಾಡಿ ಗುರುತಿನವರಿಗೆ ಮಾರುತ್ತೇನೆ. ವಿನೆಗರ್ ಹುಳಿ ಕೆಲವರಿಗೆ ಹಿಡಿಸುವುದಿಲ್ಲ. ಅದನ್ನು ಕಡಿಮೆ ಮಾಡಿ ನಾಲ್ಕು ಹನಿ ಲವಂಗದೆಣ್ಣೆ ಬಿಟ್ಟರೆ ಫ್ರಿಜ್ ಇಲ್ಲದೆಯೂ ಉಳಿಯುತ್ತದೆ, ನೈಸರ್ಗಿಕವಾದ್ದರಿಂದ ತೊಂದರೆಯೂ ಇಲ್ಲ ಅನ್ನುತ್ತಾರೆ. ಹೌದಾ ಡಾಕ್ಟ್ರೇ?
– ಓದುಗರು, ಕೂಳೂರು, ಮಂಗಳೂರು

ಉತ್ತರ: ದಯವಿಟ್ಟು ವಿನೆಗರ್ ಕಡಿಮೆ ಮಾಡಬೇಡಿ. ನಿಮ್ಮ ಭರಣಿಯನ್ನು ಕಾಯುತ್ತಿರುವುದು ಅದೇ.

ಲವಂಗದೆಣ್ಣೆಗೆ ಶಕ್ತಿಯೇ ಇಲ್ಲವೆಂದಲ್ಲ. ಅದರ ಬಹುಪಾಲು ಯೂಜಿನಾಲ್. ಓಮದಲ್ಲಿ ಥೈಮಾಲ್ ಇದೆ. ಇಂಥವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಿಸಿ ಒಳಗಿನದು ಸೋರುವಂತೆ ಮಾಡುತ್ತವೆ. ಪ್ರಯೋಗಾಲಯದಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ. ಮಾಂಸದಲ್ಲಿ ಮಾತ್ರ ಎಣ್ಣೆ ಕೊಬ್ಬಿಗೆ ಸೇರಿಹೋಗುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ನೀರಿನಂಶದಲ್ಲಿ. ಹಂದಿಮಾಂಸದ ಕೊಬ್ಬು ನಿಮಗೇ ಗೊತ್ತು. ಪರಿಣಾಮ ಸಿಗುವಷ್ಟು ಹಾಕಿದರೆ ಬಾಯಿಗಿಡಲಾಗದು. ಸಂಶೋಧಕರು ಇದನ್ನು ತಣ್ಣಗಿಡುವುದರ ಜೊತೆಗೆ ಬಳಸಿ ನೋಡುತ್ತಾರೆಯೇ ಹೊರತು ಅದರ ಬದಲಿಗಲ್ಲ.

ನನಗೆ ಹೆಚ್ಚು ಭಯ ಬೊಟುಲಿಸಂನದು. ಆ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಹುಳಿ ಸಾಲದ ಮಾಂಸ, ಮೇಲೆ ನಿಂತ ಎಣ್ಣೆ, ಗಾಳಿಯಾಡದ ಭರಣಿ, ನಮ್ಮ ಕರಾವಳಿಯ ಸೆಕೆ: ಅವು ಮೊಳೆತು ವಿಷ ಬಿಡಲು ಇಷ್ಟು ಸಾಕು. ವಾಸನೆ, ರುಚಿ ಬದಲಾಗದೆಯೂ ಇರಬಹುದು, ಮೂಸಿ ನೋಡಿ ನಂಬುವಂತಿಲ್ಲ. ಹುಳಿ ಹೆಚ್ಚಾಗಿ ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಇಂದಾದ್, ಸೊರ್ಪೊತೆಲ್‌ಗಳಂಥ ಹಂದಿಮಾಂಸದ ಅಡುಗೆಗಳಿಗೆ ಮಂಗಳೂರಿನ ಅಡುಗೆಮನೆಗಳಲ್ಲಿ ವಿನೆಗರ್ ಹಾಕುತ್ತಾ ಬಂದಿರುವುದು ಬರೀ ರುಚಿಗಲ್ಲವೆಂದೇ ನನ್ನ ನಂಬಿಕೆ. ಆದರೂ ದೊಡ್ಡ ತುಂಡಿನ ಒಳಗೆ ಹುಳಿ ಇಳಿಯಿತೆಂದು ಹೇಳಲಾಗದು. ಆದ್ದರಿಂದ ಸಣ್ಣ ತುಂಡು ಮಾಡಿ, ಪೂರ್ತಿ ಬೇಯಿಸಿ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರುವ ಫ್ರಿಜ್‌ನಲ್ಲೇ ಇಡಿ. ಕೊಂಡವರಿಗೂ ಹಾಗೆಯೇ ಹೇಳಿ.

ಹಲ್ಲುನೋವಿಗೆಂದು ಮೆಡಿಕಲ್‌ನಲ್ಲಿ ಸಿಗುವ ಲವಂಗದೆಣ್ಣೆಯನ್ನು ಅಡುಗೆಗೆ ಬಳಸಲೇಬೇಡಿ. 5ರಿಂದ 10 ಮಿಲಿಲೀಟರ್ ಕುಡಿದ ಮಕ್ಕಳಿಗೆ ಅಪಸ್ಮಾರದಂಥ ಸೆಳೆತ, ಯಕೃತ್ತಿಗೆ ತೀವ್ರ ಹಾನಿ ಆದದ್ದಿದೆ. ನೈಸರ್ಗಿಕ ಅನ್ನುವುದಕ್ಕೂ ನಿರಪಾಯ ಅನ್ನುವುದಕ್ಕೂ ಸಂಬಂಧವಿಲ್ಲ. ಮಸಾಲೆಯಲ್ಲಿ ಅರೆಯುವ ಲವಂಗಕ್ಕೆ ನನ್ನ ಅಡ್ಡಿಯಿಲ್ಲ.

ಈಗಾಗಲೇ ವಿನೆಗರ್ ಕಡಿಮೆ ಹಾಕಿ ಹೊರಗಿಟ್ಟ ಭರಣಿಗಳಿದ್ದರೆ ರುಚಿ ನೋಡದೆ ಎಸೆಯಿರಿ. ತಿಂದವರಿಗೆ ದೃಷ್ಟಿ ಎರಡೆರಡಾಗುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಐಸಿಯು ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ತಿಂದಿದ್ದೆಂದು ಅಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿ.