ಮೈಸೂರು ಲ್ಯಾನ್ಸರ್ಸ್: ಹೈಫಾದ ಗೆಲವು, ಹರಿತಾನದ ನಷ್ಟ

ಪ್ರತಿವರ್ಷ ಸೆಪ್ಟೆಂಬರ್ ೨೩ ಸಮೀಪಿಸಿತೆಂದರೆ ನಮ್ಮ ವಾಚನಾಲಯದ ಮೇಜಿನ ಮೇಲಿನ ಪತ್ರಿಕೆಗಳಲ್ಲಿ ಹೈಫಾ ಎಂಬ ಊರಿನ ಹೆಸರು ಒಂದೆರಡು ಕಡೆಯಾದರೂ ಕಾಣಿಸಿಕೊಳ್ಳುತ್ತದೆ. ಕಳೆದ ಸಲ ಅದನ್ನು ಓದಿದ ಪ್ರೌಢಶಾಲೆಯ ಹುಡುಗನೊಬ್ಬನು “ಮೈಸೂರಿನವರಿಗೂ ತುರ್ಕರಿಗೂ ಏನು ಜಗಳವಿತ್ತು?” ಎಂದು ಕೇಳಿದನು. ಅಲ್ಲಿದ್ದ ಹಿರಿಯರು ನಾಲ್ವರು ನಾಲ್ಕು ಬಗೆಯ ಉತ್ತರ ಕೊಟ್ಟರು. ಹುಡುಗನಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಲಿಲ್ಲ. ಆದುದರಿಂದ ಚಿಕ್ಕದೊಂದು ರಾಜ್ಯವು ದೊಡ್ಡವರ ಯುದ್ಧದಲ್ಲಿ ಕೈಜೋಡಿಸಿದಾಗ ಕೊಟ್ಟದ್ದೇನು, ಅದರಲ್ಲಿ ಜನರ ನೆನಪಿಗೆ ಬಂದದ್ದೇನು ಎಂಬುದನ್ನೇ ಈ ಸಂಚಿಕೆಯ ಅಭ್ಯಾಸಕ್ಕೆ ಎತ್ತಿಕೊಂಡಿದ್ದೇವೆ.

ಮೊದಲು ಹುಡುಗನ ಪ್ರಶ್ನೆ. ಜಗಳವೇನೂ ಇರಲಿಲ್ಲ. ಮೈಸೂರಿನ ಕುದುರೆ ದಳವು ೧೯೧೪ರ ಅಕ್ಟೋಬರ್ ಮಧ್ಯದಲ್ಲಿ ಬೆಂಗಳೂರು ಬಿಟ್ಟಾಗ ತುರ್ಕಿಯು ಇನ್ನೂ ಯುದ್ಧಕ್ಕೆ ಇಳಿದೇ ಇರಲಿಲ್ಲ. ಬ್ರಿಟನ್ನು ಅದರ ಮೇಲೆ ಯುದ್ಧ ಸಾರಿದ್ದು ನವೆಂಬರ್ ೫ರಂದು. ಅಂದರೆ, ಎದುರಾಳಿ ಯಾರೆಂಬುದು ಗೊತ್ತಾಗುವ ಮೊದಲೇ ನಮ್ಮ ಸವಾರರು ಹೊರಟಾಗಿತ್ತು. ಮಿತ್ರಪಕ್ಷದಲ್ಲಿ ಚಿಕ್ಕವನ ಸ್ಥಿತಿ ಎಂಥದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗದು.

ಈ ಸ್ಥಿತಿಯ ಬೇರು ೧೭೯೯ರಲ್ಲಿದೆ. ಟೀಪು ಸುಲ್ತಾನನು ಮಡಿದ ಮೇಲೆ ಒಡೆಯರ ಮನೆತನಕ್ಕೆ ರಾಜ್ಯವನ್ನು ಹಿಂದಿರುಗಿಸಿದ ಕಂಪನಿ ಸರಕಾರವು, ರಕ್ಷಣೆಯ ವೆಚ್ಚವೆಂದು ವರ್ಷಕ್ಕೆ ೭ ಲಕ್ಷ ವರಹಗಳ ಪೊಗದಿಯನ್ನು ಗೊತ್ತುಮಾಡಿತು. ೧೮೦೭ರ ಒಪ್ಪಂದದಂತೆ ೪,೦೦೦ ಕುದುರೆ ಸವಾರರನ್ನು ಇಟ್ಟುಕೊಳ್ಳುವ ಹೊಣೆಯೂ ಮೈಸೂರಿನ ಮೇಲೆ ಬಿತ್ತು. ಇವರೇ ಸಿಲ್ಲೇದಾರರು. ೧೮೮೧ರಲ್ಲಿ ರಾಜ್ಯವು ಮತ್ತೆ ಒಡೆಯರ ಕೈಗೆ ಬಂದಾಗ ಪೊಗದಿಯನ್ನು ೩೫ ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಕ್ಷಾಮದಿಂದ ಬೊಕ್ಕಸ ಬರಿದಾಗಿದ್ದುದರಿಂದ ಏರಿಸಿದ ಮೊತ್ತದ ವಸೂಲಿ ಶುರುವಾದದ್ದು ೧೮೯೬ರಿಂದ. ಇಷ್ಟು ಸಾಲದೆಂಬಂತೆ, ೧೮೮೯ರ ಸುಮಾರಿಗೆ ಸಾಮ್ರಾಜ್ಯ ಸೇವಾ ಪಡೆಗಳ ಯೋಜನೆ ಬಂದಿತು. ಸಂಸ್ಥಾನವೇ ದಂಡನ್ನು ಕಟ್ಟಬೇಕು, ಸಂಬಳ ಕೊಡಬೇಕು, ಕುದುರೆ ಸಾಕಬೇಕು. ಯುದ್ಧ ಬಂದಾಗ ಸಾಮ್ರಾಜ್ಯಕ್ಕೆ ಒಪ್ಪಿಸಬೇಕು. ಹಳೆಯ ಸಿಲ್ಲೇದಾರರಿಂದ ಹೀಗೆ ಹೊಸದಾಗಿ ರೂಪುಗೊಂಡ ಭರ್ಜಿ ಸವಾರರ ದಳವೇ ಮೈಸೂರು ಲ್ಯಾನ್ಸರ್ಸ್.

ದಳದ ಅಧಿಕಾರಿಗಳು ಮೈಸೂರಿನವರೇ ಆಗಿದ್ದರು. ರಣರಂಗದಲ್ಲಿ ಅದನ್ನು ನಡೆಸಿದವರು ಬಿ. ಚಾಮರಾಜ ಅರಸರು. ಆದರೆ ಇಂಥ ಅಧಿಕಾರಿಗಳಿಗೆ ಬ್ರಿಟಿಷ್ ದೊರೆಯ ಸನ್ನದು ಇರಲಿಲ್ಲ. ಸಂಸ್ಥಾನದ ದಳಗಳ ಜೊತೆಗೆ ಬ್ರಿಟಿಷ್ ಅಧಿಕಾರಿಗಳನ್ನು “ವಿಶೇಷ ಸೇವೆ”ಯ ಹೆಸರಿನಲ್ಲಿ ಕಳುಹಿಸಲಾಗುತ್ತಿತ್ತು. ಹೆಸರಿಗೆ ಸಲಹೆಗಾರರು, ಕೆಲಸದಲ್ಲಿ ಅದಕ್ಕಿಂತ ಹೆಚ್ಚು. ಜೋಧಪುರ, ಹೈದರಾಬಾದು, ಮೈಸೂರುಗಳ ದಳಗಳನ್ನು ಸೇರಿಸಿ ಕಟ್ಟಿದ ಬ್ರಿಗೇಡಿನ ಮುಖ್ಯಸ್ಥನೂ ಬ್ರಿಟಿಷನೇ.

ದಂಡಿನ ಜೊತೆಗೆ ಹಣವೂ ಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಆರಂಭದಲ್ಲಿಯೇ ೫೦ ಲಕ್ಷ ರೂಪಾಯಿಗಳನ್ನು ಕೊಟ್ಟರು. ಒಂದು ವರ್ಷದ ಪೊಗದಿಗಿಂತಲೂ ದೊಡ್ಡ ಮೊತ್ತವಿದು. ಆಗ ವಿಶ್ವೇಶ್ವರಯ್ಯನವರು ದಿವಾನರು. ಕನ್ನಂಬಾಡಿಯ ಕಟ್ಟೆ ಏಳುತ್ತಿದ್ದ ಕಾಲ. ಆ ಹಣದಿಂದ ಎಷ್ಟು ಕಾಲುವೆ, ಎಷ್ಟು ಶಾಲೆ ಆಗಬಹುದಿತ್ತೆಂದು ಲೆಕ್ಕ ಹಾಕುವ ಮನಸ್ಸು ನಮಗೂ ಬರುತ್ತದೆ.

ನಮ್ಮ ಕಡೆಯ ವಾಚಕರಿಗೆ ಒಂದು ಮಾತು. ದಳವು ಹಡಗು ಹತ್ತಿದ್ದು ಮುಂಬಯಿಯಲ್ಲಿ. ಪುಣೆಯ ಘಟ್ಟ ಇಳಿದು ಬಂದರೂ ಸರಿ, ನಾಸಿಕದ ಘಟ್ಟ ಇಳಿದು ಬಂದರೂ ಸರಿ, ಆಗಿನ ರೈಲು ಕಲ್ಯಾಣ, ಡೊಂಬಿವಲಿ, ಠಾಣೆಗಳನ್ನು ದಾಟದೆ ಬಂದರು ಸೇರುವಂತಿರಲಿಲ್ಲ. ಪನವೇಲಿನ ದಾರಿ ಆಗ ಇರಲಿಲ್ಲ. ನವಿ ಮುಂಬಯಿ ಹುಟ್ಟಿರಲೇ ಇಲ್ಲ. ನಾವು ದಿನವೂ ನೂಕುನುಗ್ಗಲಿನಲ್ಲಿ ಹೋಗಿಬರುವ ಹಳಿಗಳ ದಾರಿಯಲ್ಲಿಯೇ ಸುಮಾರು ಐದುನೂರು ಕುದುರೆಗಳೂ ಅವುಗಳ ಸವಾರರೂ ಸಾಗಿಹೋದರು. ಅವರಲ್ಲಿ ಅನೇಕರಿಗೆ ಕಡಲನ್ನು ಕಂಡದ್ದು ಅದೇ ಮೊದಲಾಗಿದ್ದಿರಬೇಕು.

ನವೆಂಬರಿನಲ್ಲಿ ಅವರು ಈಜಿಪ್ತನ್ನು ಮುಟ್ಟಿದರು. ಮುಂದಿನ ಮೂರು ವರ್ಷಗಳ ಬಹುಭಾಗ ಸುಯೆಜ್ ಕಾಲುವೆಯ ಕಾವಲು, ಮರಳುಗಾಡಿನಲ್ಲಿ ಗಸ್ತು. ೧೯೧೫ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆಯನ್ನು ದಾಟಲು ಯತ್ನಿಸಿ ಹಿಮ್ಮೆಟ್ಟಿದರು. ಉಳಿದ ದಿನಗಳಲ್ಲಿ ವರ್ತಮಾನಪತ್ರಿಕೆಗೆ ಬರುವಂಥದು ಹೆಚ್ಚೇನೂ ನಡೆಯಲಿಲ್ಲ. ಬಿಸಿಲು, ಮರಳು, ಕುದುರೆಗೆ ನೀರು ಹುಡುಕುವುದು.

೧೯೧೮ರ ಸೆಪ್ಟೆಂಬರ್ ೧೯ರಂದು ಜನರಲ್ ಆಲೆನ್‌ಬಿಯು ಪ್ಯಾಲೆಸ್ಟೈನಿನಲ್ಲಿ ದೊಡ್ಡ ದಾಳಿಯನ್ನು ಆರಂಭಿಸಿದನು. ತುರ್ಕರ ಸಾಲು ಮುರಿಯಿತು. ಹೈಫಾ ಬಂದರನ್ನು ಶತ್ರುಗಳು ಬಿಟ್ಟುಹೋಗಿರಬಹುದೆಂದು ಎಣಿಸಿ ೨೨ರಂದು ಕವಚದ ಮೋಟಾರುಗಳನ್ನು ಕಳುಹಿಸಿದರೆ, ಅವು ತೋಪಿನ ಹೊಡೆತ ತಿಂದು ಹಿಂದಕ್ಕೆ ಬಂದವು. ಮರುದಿನ ನಮ್ಮ ಬ್ರಿಗೇಡಿನ ಸರದಿ.

ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಊರಿಗೆ ಹೋಗುವ ದಾರಿಯ ಎಡಕ್ಕೆ ಕಾರ್ಮೆಲ್ ಬೆಟ್ಟ. ಬಲಕ್ಕೆ ಕೀಶೋನ್ ನದಿ, ಅದರ ದಂಡೆಯ ತುಂಬ ಕುದುರೆ ಹೂತುಹೋಗುವ ಕೆಸರು. ಬೆಟ್ಟದ ಮೇಲೆ ತೋಪುಗಳು, ಕೆಳಗೆ ಮಷೀನ್‌ಗನ್ನುಗಳು. ಮೈಸೂರಿನ ಒಂದು ತುಕಡಿಯನ್ನು ಬೆಟ್ಟ ಹತ್ತಿಸಿದರು. ಕಡಿದಾದ ಕಲ್ಲುದಾರಿಯಲ್ಲಿ ಕುದುರೆಗಳು ಸೋತವು. ಮಷೀನ್‌ಗನ್ನುಗಳ ಬಳಿ ಕೆಲವರನ್ನು ನಿಲ್ಲಿಸಬೇಕಾಯಿತು. ಕೊನೆಯಲ್ಲಿ ಏರಿ ನುಗ್ಗಿದವರು ಬೆರಳೆಣಿಕೆಯ ಸವಾರರು. ಬೆಟ್ಟದ ಮೇಲಿನ ತೋಪುಗಳು ಅವರ ವಶವಾದವು. ಅದೇ ಹೊತ್ತಿಗೆ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಕೆಳಗಡೆ ಜೋಧಪುರದವರು ದಾಳಿಯಿಟ್ಟರು. ನದಿಯನ್ನು ದಾಟಲಾಗದೆಂದು ಕಂಡುಕೊಂಡು ಗುಂಡಿನ ಮಳೆಯಲ್ಲಿಯೇ ಎಡಕ್ಕೆ ತಿರುಗಿ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಹನು ಅಲ್ಲಿ ಮಡಿದನು. ಅವರ ಹಿಂದೆಯೇ ಮೈಸೂರಿನ ಸವಾರರು ಊರನ್ನು ಹೊಕ್ಕರು.

ಆ ದಿನ ಸೆರೆ ಸಿಕ್ಕವರು ೧,೩೫೦ ಮಂದಿ, ತೋಪುಗಳು ೧೭. ಬ್ರಿಗೇಡಿನಲ್ಲಿ ಮಡಿದವರು ೮, ಗಾಯಗೊಂಡವರು ೩೪. ಸತ್ತ ಕುದುರೆಗಳು ೬೦, ಗಾಯಗೊಂಡವು ೮೩. ಸವಾರರಿಗಿಂತ ಕುದುರೆಗಳೇ ಹೆಚ್ಚು ಗುಂಡು ತಿಂದುವೆಂಬುದನ್ನು ವಾಚಕರು ಗಮನಿಸಬೇಕು.

ಹೈದರಾಬಾದಿನ ದಳವು ಅಂದಿನ ಕಾಳಗದಲ್ಲಿ ಇರಲಿಲ್ಲ. ಮುಸಲ್ಮಾನರಾದುದರಿಂದ ಅವರನ್ನು ದೂರವಿಟ್ಟರೆಂದು ಕೆಲವರು ಹೇಳುವುದುಂಟು. ಇದನ್ನು ಒಪ್ಪುವ ಮೊದಲು, ಮೈಸೂರಿನ ದಳದಲ್ಲಿಯೂ ಮುಸಲ್ಮಾನ ಸವಾರರಿದ್ದರೆಂಬುದನ್ನು ನೆನೆಯಬೇಕು. ಅರಸರು, ಮರಾಠರು, ಮುಸಲ್ಮಾನರು ಒಂದೇ ದಳದಲ್ಲಿ ದುಡಿದರು.

ಸಾಮಾನ್ಯವಾಗಿ ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ದಳದ ಯುದ್ಧ ಇಲ್ಲಿಗೆ ಮುಗಿಯಲಿಲ್ಲ. ಅಕ್ಟೋಬರ್ ೧ರಂದು ದಮಾಸ್ಕಸ್ ಬಿದ್ದ ಮೇಲೆ ಸೈನ್ಯದಲ್ಲಿ ಮಲೇರಿಯವೂ ಇನ್‌ಫ್ಲುಯೆಂಜವೂ ಹಬ್ಬಿದವು. ಆದರೂ ಈ ಬ್ರಿಗೇಡು ಸೇರಿದ್ದ ೫ನೆಯ ಅಶ್ವದಳ ವಿಭಾಗವನ್ನು ಸಿರಿಯಾದ ಉತ್ತರಕ್ಕೆ ಓಡಿಸಿದರು. ದಾಳಿಯ ಮೊದಲ ದಿನದಿಂದ ೩೮ ದಿನಗಳಲ್ಲಿ ಆ ವಿಭಾಗವು ನಡೆದ ದಾರಿ ೫೬೭ ಮೈಲಿ. ಕಲ್ಯಾಣದಿಂದ ಬೆಂಗಳೂರಿನವರೆಗೆ ಕುದುರೆಯ ಮೇಲೆ, ನಡುನಡುವೆ ಕಾದಾಡುತ್ತ, ಹೋದಂತೆ ಎಂದುಕೊಳ್ಳಿ.

ಅಕ್ಟೋಬರ್ ೨೬ರ ಬೆಳಿಗ್ಗೆ ಅಲೆಪ್ಪೊ ನಗರ ಕೈಸೇರಿತು. ಹಿಂದೆ ಸರಿಯುತ್ತಿದ್ದ ತುರ್ಕರನ್ನು ಬೆನ್ನಟ್ಟಲು ಮೈಸೂರು, ಜೋಧಪುರಗಳ ಸವಾರರನ್ನು ಮುಂದಕ್ಕೆ ಕಳುಹಿಸಿದರು. ನಗರದ ವಾಯುವ್ಯದಲ್ಲಿ ಹರಿತಾನ್ ಎಂಬ ಹಳ್ಳಿಯ ಬಳಿಯ ದಿಣ್ಣೆಯ ಮೇಲೆ ಸುಮಾರು ಸಾವಿರ ಮಂದಿ ದಣಿದ ಶತ್ರುಗಳಿದ್ದಾರೆಂಬುದು ಸಿಕ್ಕಿದ ವರ್ತಮಾನ. ಅಲ್ಲಿದ್ದವರು ಅದರ ಮೂರರಷ್ಟು. ಆ ಭಾಗದ ತುರ್ಕಿ ಸೈನ್ಯವನ್ನು ನಡೆಸುತ್ತಿದ್ದವನು ಮುಸ್ತಫಾ ಕೆಮಾಲ್. ಮುಂದೆ ತುರ್ಕಿ ಗಣರಾಜ್ಯವನ್ನು ಕಟ್ಟಿದ ಅತಾತುರ್ಕ್ ಅವನೇ.

ಮೈಸೂರಿನವರು ಮಗ್ಗುಲಿನಿಂದ ಸುತ್ತಿ ಬಂದು ಭರ್ಜಿ ಚಾಚಿ ನುಗ್ಗಿದರು. ಮೊದಲ ಸಾಲನ್ನು ತುಳಿದುಹಾಕಿದರು. ಆದರೆ ನುಗ್ಗಿದವರು ಎಷ್ಟು ಕಡಿಮೆ ಮಂದಿಯೆಂಬುದು ಧೂಳು ಅಡಗಿದಾಗ ತುರ್ಕರಿಗೆ ಕಾಣಿಸಿತು. ಅವರು ಮತ್ತೆ ಬಂದೂಕು ಎತ್ತಿದರು. ನಮ್ಮವರು ಹಿಂದಕ್ಕೆ ಸರಿಯಬೇಕಾಯಿತು. ರಾತ್ರಿಯ ಹೊತ್ತಿಗೆ ತುರ್ಕರು ತಾವಾಗಿಯೇ ಸ್ಥಳ ಬಿಟ್ಟರು. ಬ್ರಿಗೇಡಿನಲ್ಲಿ ೨೧ ಮಂದಿ ಮಡಿದಿದ್ದರು, ೫೬ ಮಂದಿ ಗಾಯಗೊಂಡಿದ್ದರು, ಮೂವರ ಸುಳಿವು ಸಿಗಲಿಲ್ಲ. ಹೈಫಾಕ್ಕೆ ಹೋಲಿಸಿದರೆ ಸಾವು ಎರಡೂವರೆ ಪಟ್ಟು. ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ ೩೦ರಂದು, ಅಂದರೆ ನಾಲ್ಕೇ ದಿನಗಳ ಮೇಲೆ.

ಗೆದ್ದ ದಿನಕ್ಕೆ ಹೆಸರಿದೆ. ದಿಲ್ಲಿಯಲ್ಲಿ ೧೯೨೨ರಲ್ಲಿ ಮೂರು ಸಂಸ್ಥಾನಗಳ ಹೆಸರಿನಲ್ಲಿ ಮೂರು ಪ್ರತಿಮೆಗಳು ನಿಂತವು. ೨೦೧೮ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ಹೆಸರಾಯಿತು. ಹರಿತಾನಿಗೆ ದಿನವೂ ಇಲ್ಲ, ಚೌಕವೂ ಇಲ್ಲ. ಹೈಫಾ ದಿನವನ್ನು ಆಚರಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಮೈಸೂರು ಏನು ಕೊಟ್ಟಿತೆಂದು ಮಕ್ಕಳು ಕೇಳಿದಾಗ ೧೭ ತೋಪುಗಳ ಜೊತೆಗೆ ಆ ೫೦ ಲಕ್ಷವನ್ನೂ, ಮೂರು ವರ್ಷದ ಮರಳುಗಾಡನ್ನೂ, ಹರಿತಾನಿನ ದಿಣ್ಣೆಯನ್ನೂ ಹೇಳಬೇಕಾಗುತ್ತದೆ.

ದಳವು ೧೯೨೦ರಲ್ಲಿ ಊರಿಗೆ ಮರಳಿತು. ಸ್ವಾತಂತ್ರ್ಯದ ಮೇಲೆ ಸಂಸ್ಥಾನಗಳ ಕುದುರೆ ದಳಗಳನ್ನೆಲ್ಲ ಕೂಡಿಸಿ ೧೯೫೩ರಲ್ಲಿ ೬೧ನೆಯ ಅಶ್ವದಳವನ್ನು ಕಟ್ಟಿದಾಗ ಮೈಸೂರಿನದೂ ಅದರಲ್ಲಿ ಸೇರಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕದ ಕಲ್ಲುಕಂಬವಿದೆ. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ರಜೆಯಲ್ಲಿ ಕಲ್ಯಾಣದಿಂದ ರೈಲು ಹತ್ತಿ ಊರಿಗೆ ಹೋಗುವ ವಾಚಕರು ಮಕ್ಕಳೊಡನೆ ಒಂದು ಗಳಿಗೆ ಅಲ್ಲಿಗೆ ಹೋಗಿ, ಆ ಹೆಸರುಗಳನ್ನು ಬರೆದುಕೊಂಡು ತಂದರೆ ವಾಚನಾಲಯದ ಕಡತದಲ್ಲಿ ಇಡುತ್ತೇವೆ.