ಕಾಣದ ಕೈ ಹಂಚುವ ಎಲೆ



ಭೀಮಸಮುದ್ರದ ಮಂಡಿಗೆ ಅಡಿಕೆ ತಂದ ರೈತ, ಚೀಲ ತೂಕಕ್ಕೆ ಏರಿದ ಮೇಲೆ ಯಂತ್ರದ ಮೇಲಿನ ಕಣ್ಣು ಕದಲಿಸುವುದಿಲ್ಲ. ಯಂತ್ರಕ್ಕೆ ಸರ್ಕಾರದ ಮುದ್ರೆ ಬಿದ್ದಿದೆಯೇ ಎಂದು ಕೇಳುವ ಹಕ್ಕು ಅವನಿಗಿದೆ. ಅನುಮಾನ ಬಂದರೆ ಇನ್ನೊಂದು ಕಡೆ ತೂಗಿಸಿ ನೋಡಬಹುದು. ಜ್ಞಾನೋಕ್ತಿ ಗ್ರಂಥದ 11ನೆಯ ಅಧ್ಯಾಯ ಸುಳ್ಳು ತಕ್ಕಡಿಯ ಮಾತಿನಿಂದಲೇ ಆರಂಭವಾಗುವುದನ್ನು ನೀವು ಬಲ್ಲಿರಿ. ತೂಕ ಕಾಣದ ಕಡೆ ವ್ಯಾಪಾರ ಬೇಡ ಎಂಬುದು ನಮ್ಮ ಹಿರಿಯರ ವಿವೇಕವೂ ಹೌದು.

ಅಂಥ ಮನೆಯ ಮಗನೇ ರಾತ್ರಿ ಹೊತ್ತು ಮೊಬೈಲಿನಲ್ಲಿ ಹಣ ಕಟ್ಟಿ ಪೋಕರ್ ಆಡಲು ಕುಳಿತರೆ, ಎಲೆ ಕಲಸುವ ಕೈ ಅವನಿಗೆ ಕಾಣುವುದಿಲ್ಲ. “ಅಲ್ಲಿ ಎಲೆ ಸರಿಯಾಗಿ ಕಲಸ್ತಾರಾ ಫಾದರ್? ನನಗೆ ಒಳ್ಳೆ ಎಲೆ ಬಂದಾಗಲೇ ಎದುರಿನವನಿಗೆ ಅದಕ್ಕಿಂತ ದೊಡ್ಡದು ಹೇಗೆ ಬರುತ್ತೆ?” ಎಂದು ಯುವಕರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಇಂದಿನ ಪಾಠದಲ್ಲಿ ಅದನ್ನೇ ವಿಚಾರ ಮಾಡೋಣ.

ಇಂದಿನ ಸ್ಥಿತಿ

ಮೊದಲು ಕಾನೂನಿನ ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಈ ಕಾಯ್ದೆ ಎಣಿಸುವುದಿಲ್ಲ. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟುಗಳಲ್ಲಿ ಸಲ್ಲಿಸಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ತನ್ನೆಡೆಗೆ ವರ್ಗಾಯಿಸಿಕೊಂಡಿತು.

ಕಾಯ್ದೆ ಬಂದೊಡನೆ ನಮ್ಮ ದೇಶದ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಈಗಲೂ ಹಣಕ್ಕೆ ಆಡಬೇಕೆನ್ನುವವನು ಹೋಗಿ ಸೇರುವುದು ಹೊರದೇಶಗಳಿಂದ ನಡೆಯುವ, ನಮ್ಮ ಯಾವ ಕಚೇರಿಯೂ ತಪಾಸಣೆ ಮಾಡದ ತಾಣಗಳನ್ನೇ.

ಇದು ಬೆಂಗಳೂರಿನವರ ತೊಂದರೆ ಎಂದುಕೊಳ್ಳಬೇಡಿ. ಕ್ರಿಕೆಟ್ ಬೆಟ್ಟಿಂಗ್ ಸಾಲದ ಕಿರುಕುಳದಿಂದ ಹೊಸದುರ್ಗದ ಒಂದು ಕುಟುಂಬಕ್ಕೆ ಬಂದೊದಗಿದ ದುಃಖವನ್ನು 2024ರ ಮಾರ್ಚ್‌ನಲ್ಲಿ ಪತ್ರಿಕೆಗಳಲ್ಲಿ ಓದಿದ್ದೇವೆ. ಅಕ್ರಮ ಆನ್‌ಲೈನ್ ಬೆಟ್ಟಿಂಗ್ ಆರೋಪದ ಮೇಲೆ ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಜಾರಿ ನಿರ್ದೇಶನಾಲಯ 2025ರ ಆಗಸ್ಟ್‌ನಲ್ಲಿ ಬಂಧಿಸಿತು. ಅದು ಆರೋಪ, ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಇಂಥ ತಾಣಗಳ ಹಿಂದೆ ಯಾರಿದ್ದಾರೆ, ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಕೇಂದ್ರದ ತನಿಖಾ ಸಂಸ್ಥೆಯೇ ಇಷ್ಟು ಶ್ರಮಪಡಬೇಕಾದರೆ, ಹಿರಿಯೂರಿನಲ್ಲಿ ಕುಳಿತು ಆಡುವ ಹುಡುಗನಿಗೆ ತಿಳಿಯುವುದು ಹೇಗೆ?

ನೀತಿಶಾಸ್ತ್ರದ ನಾಲ್ಕು ನಿಯಮಗಳು

ಪಂದ್ಯ ಕಟ್ಟಿದ ಮಾತ್ರಕ್ಕೆ ಎಲ್ಲ ಆಟವೂ ಪಾಪವೆಂದು ಧರ್ಮಸಭೆ ಬೋಧಿಸುವುದಿಲ್ಲ. ಪಂದ್ಯವೂ ಒಂದು ಒಪ್ಪಂದ. ಒಪ್ಪಂದ ನ್ಯಾಯವಾಗಬೇಕಾದರೆ ನಾಲ್ಕು ನಿಯಮ ಕೂಡಿಬರಬೇಕೆಂದು ನಮ್ಮ ನೀತಿಶಾಸ್ತ್ರಜ್ಞರು ಹೇಳುತ್ತಾ ಬಂದಿದ್ದಾರೆ. ಒಂದು, ಕಟ್ಟುವ ಹಣ ಆಡುವವನದೇ ಆಗಿರಬೇಕು, ಖರ್ಚು ಮಾಡಲು ಅವನು ಸ್ವತಂತ್ರನಾಗಿರಬೇಕು. ಎರಡು, ಬಲವಂತವಿಲ್ಲದೆ ಆಡಬೇಕು. ಮೂರು, ಮೋಸ ಇರಬಾರದು. ನಾಲ್ಕು, ಆಡುವವರ ನಡುವೆ ತಕ್ಕಮಟ್ಟಿನ ಸಮಾನತೆ ಇರಬೇಕು.

ಮೊದಲ ಎರಡನ್ನು ನಾವು ನಮ್ಮ ಮನಸ್ಸಾಕ್ಷಿಯಲ್ಲೇ ಅಳೆಯಬಹುದು. ಮಕ್ಕಳ ಶಾಲಾ ಶುಲ್ಕ, ಸೊಸೈಟಿ ಸಾಲದ ಕಂತು, ಹೆಂಡತಿಯ ಒಡವೆ ಅಡವಿಟ್ಟ ಹಣ ಪಂದ್ಯಕ್ಕೆ ಕಟ್ಟುವ ಹಣವಲ್ಲ. ಮನೆಯವರ ಅಗತ್ಯಕ್ಕೆ ಬೇಕಾದುದನ್ನು ಆಟ ಕಸಿದರೆ ಅದು ತಪ್ಪು, ಆಟದ ಚಟ ಮನುಷ್ಯನನ್ನು ದಾಸನನ್ನಾಗಿಸುತ್ತದೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2413ನೆಯ ಪರಿಚ್ಛೇದದಲ್ಲಿ ತಿಳಿಸುತ್ತದೆ. ಬಿಡಬೇಕೆಂದರೂ ಬಿಡಲಾಗದವನು ಸ್ವತಂತ್ರವಾಗಿ ಆಡುತ್ತಿದ್ದಾನೆ ಎನ್ನಲಾದೀತೇ?

ಮೋಸವಿಲ್ಲವೆಂದು ತಿಳಿಯುವುದು ಹೇಗೆ?

ಮೂರನೆಯ ನಿಯಮವೇ ನಮ್ಮ ಯುವಕರ ಪ್ರಶ್ನೆ. ಪೋಕರ್ ಆಟದ ಸಾಮಾನ್ಯ ರೂಪದಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಗುಟ್ಟಾಗಿ ಬರುತ್ತವೆ, ಐದು ಎಲೆ ಎಲ್ಲರ ಮುಂದೆ ತೆರೆಯುತ್ತವೆ. ಆ ಎರಡು ಎಲೆಯ ಗುಟ್ಟೇ ಆಟದ ಪ್ರಾಣ. ಜಗಲಿಯ ಮೇಲೆ ಇಸ್ಪೀಟು ಆಡುವಾಗ ನಾಲ್ಕು ಜೊತೆ ಕಣ್ಣು ಕಾಯುತ್ತವೆ. ಮೊಬೈಲಿನಲ್ಲಿ ಎಲೆ ಕಲಸುವವನು, ಹಂಚುವವನು, ಹಣ ಇಟ್ಟುಕೊಳ್ಳುವವನು, ದೂರು ಕೇಳುವವನು ಎಲ್ಲರೂ ಒಬ್ಬನೇ. ಅವನು ಕಾಣುವುದಿಲ್ಲ.

ಈ ಭಯಕ್ಕೆ ಆಧಾರವಿದೆ. 2007ರಲ್ಲಿ ಅಬ್ಸಲ್ಯೂಟ್ ಪೋಕರ್ ಎಂಬ ತಾಣದಲ್ಲಿ ಒಂದು ಖಾತೆಗೆ ಎದುರಾಳಿಗಳ ಎಲೆಗಳೆಲ್ಲ ಕಾಣುತ್ತಿದ್ದವು. ಕಂಪನಿ ಮೊದಲು ಅಲ್ಲಗಳೆಯಿತು. ಸೋತವನೊಬ್ಬ ಆಟದ ದಾಖಲೆ ಕೇಳಿದಾಗ, ಎಲ್ಲರ ಎಲೆಗಳ ವಿವರವೂ ಇದ್ದ ಕಡತ ಅವನ ಕೈ ಸೇರಿತು. ಆಟಗಾರರೇ ಅದನ್ನು ಲೆಕ್ಕಹಾಕಿ ಕಳ್ಳತನ ಹಿಡಿದರು. ಅಲ್ಟಿಮೇಟ್ ಬೆಟ್ ಎಂಬ ಇನ್ನೊಂದು ತಾಣದಲ್ಲಿ ಇದೇ ಬಗೆಯ ಮೋಸ ವರ್ಷಗಟ್ಟಲೆ ನಡೆದಿತ್ತು. ಅದರ ಮುಖ್ಯ ಹೊಣೆಗಾರನೆಂದು ಕೆನಡಾದ ಕಾನವಾಕೆ ಗೇಮಿಂಗ್ ಆಯೋಗ 2008ರಲ್ಲಿ ಹೆಸರಿಸಿದ್ದು ರಸ್ ಹ್ಯಾಮಿಲ್ಟನ್ ಅವರನ್ನು. ಅವರು 1994ರ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದವರು!

ಕೆಟ್ಟ ಉದ್ದೇಶವಿಲ್ಲದೆಯೂ ತಕ್ಕಡಿ ತಪ್ಪಬಹುದು. 52 ಎಲೆಗಳನ್ನು ಜೋಡಿಸುವ ಬಗೆಗಳ ಸಂಖ್ಯೆ ಬರೆದರೆ 68 ಅಂಕಿಗಳಾಗುತ್ತವೆ. ಆದರೆ 1999ರಲ್ಲಿ ಅಮೆರಿಕದ ತಜ್ಞರು ಪರಿಶೀಲಿಸಿದ ಒಂದು ಪೋಕರ್ ತಂತ್ರಾಂಶ ಎಲೆ ಕಲಸಲು ಕಂಪ್ಯೂಟರಿನ ಗಡಿಯಾರವನ್ನೇ ನಂಬಿತ್ತು. ಮಧ್ಯರಾತ್ರಿಯಿಂದ ಕಳೆದ ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅದು ತೆಗೆದುಕೊಳ್ಳುತ್ತಿತ್ತು. ದಿನಕ್ಕೆ ಅಂಥ ಭಾಗಗಳು 8 ಕೋಟಿ 64 ಲಕ್ಷ ಮಾತ್ರ. ಹೀಗಾಗಿ ಐದು ಎಲೆ ಕಂಡೊಡನೆ ಉಳಿದವರ ಕೈಯಲ್ಲಿ ಏನಿದೆಯೆಂದು ತಜ್ಞರು ಹೇಳಬಲ್ಲವರಾದರು. ತಮಾಷೆಯೆಂದರೆ, ಆಟ ಎಷ್ಟು ಪ್ರಾಮಾಣಿಕ ಎಂದು ತೋರಿಸಲು ಕಂಪನಿಯೇ ಆ ವಿಧಾನವನ್ನು ಪ್ರಕಟಿಸಿತ್ತು. ಪರವಾನಗಿ ಪಡೆದ ದೊಡ್ಡ ತಾಣವಾದ ಜಿಜಿ ಪೋಕರ್‌ನಲ್ಲೂ 2023ರ ಡಿಸೆಂಬರ್‌ನಲ್ಲಿ ಒಬ್ಬ ಆಟಗಾರ ತಂತ್ರಾಂಶದ ಲೋಪ ಬಳಸಿ ಅನ್ಯಾಯವಾಗಿ ಗೆದ್ದನೆಂದು ಕಂಪನಿ ಒಪ್ಪಿಕೊಂಡಿತು. ತಪಾಸಣೆ ಇರುವ ಕಡೆಯೇ ಹೀಗಾದರೆ, ತಪಾಸಣೆಯೇ ಇಲ್ಲದ ಕಡೆಯ ಗತಿಯೇನು?

ಸಮಾನತೆ ಎಲ್ಲಿದೆ?

ನಾಲ್ಕನೆಯ ನಿಯಮ ಇನ್ನೂ ಕಠಿಣ. ಆರು ಜನರ ಮೇಜಿನಲ್ಲಿ ಇಬ್ಬರು ಫೋನಿನಲ್ಲಿ ಮಾತಾಡಿಕೊಂಡು ಆಡುತ್ತಿರಬಹುದು. ಒಬ್ಬ ಮನುಷ್ಯನೇ ಅಲ್ಲದಿರಬಹುದು: ನಿದ್ದೆ, ಆಯಾಸವಿಲ್ಲದೆ ಲೆಕ್ಕಹಾಕುವ ಕಂಪ್ಯೂಟರ್ ಇರಬಹುದು. ಇವೆಲ್ಲ ಇಲ್ಲವೆಂದೇ ಇಟ್ಟುಕೊಳ್ಳಿ. ಆಗಲೂ ತಾಣ ಪ್ರತಿ ಸುತ್ತಿನ ಹಣದಲ್ಲಿ ತನ್ನ ಪಾಲು ತೆಗೆಯುತ್ತದೆ. ನಾಲ್ವರು ತಲಾ 1000 ರೂಪಾಯಿ ತಂದರೆನ್ನಿ. ಪ್ರತಿ ಸುತ್ತಿಗೆ 200 ರೂಪಾಯಿ ಕೂಡಿ, ಅದರಲ್ಲಿ ನೂರಕ್ಕೆ 5ರಂತೆ ತಾಣ 10 ರೂಪಾಯಿ ಮುರಿದುಕೊಂಡರೆ, 400 ಸುತ್ತಿನಲ್ಲಿ ನಾಲ್ಕು ಸಾವಿರವೂ ತಾಣದ ಪಾಲು. ಗಂಟೆಗೆ 60 ಸುತ್ತಾದರೆ ಏಳು ಗಂಟೆ ಸಾಕು. ಎಲೆ ನೆಟ್ಟಗಿದ್ದರೂ ನಾಲ್ವರೂ ಒಟ್ಟಾಗಿ ಸೋಲುತ್ತಾರೆ.

ಗೆದ್ದ ಹಣವಾದರೂ ಭದ್ರವೇ? ಫುಲ್ ಟಿಲ್ಟ್ ಪೋಕರ್ ಎಂಬ ತಾಣ 2011ರಲ್ಲಿ ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಕೊಡಬೇಕಿತ್ತು. ಅದರ ಬ್ಯಾಂಕ್ ಖಾತೆಗಳಲ್ಲಿದ್ದುದು ಸುಮಾರು 6 ಕೋಟಿ ಮಾತ್ರ ಎಂದು ಅಮೆರಿಕದ ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು. ಪರದೆಯ ಮೇಲೆ ಕಾಣುವ ಅಂಕಿ ಹಣವಲ್ಲ. ಯಾರೋ ಕೊಟ್ಟ ಬಾಯಿಮಾತು.

ಸೋಲು ಮೋಸಕ್ಕೆ ಸಾಕ್ಷಿಯೇ?

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಸೋತದ್ದೆಲ್ಲ ಮೋಸವಲ್ಲ. ಕೈಯಲ್ಲಿ ಎರಡು ಎಕ್ಕ ಹಿಡಿದವನೂ, ಎದುರಾಳಿ ಒಬ್ಬನೇ ಇದ್ದು ಕೊನೆಯವರೆಗೆ ಆಡಿದರೆ, ನೂರರಲ್ಲಿ ಸುಮಾರು 15 ಸಲ ಸೋಲುತ್ತಾನೆ. ನೋವು ಆ 15ನ್ನೇ ನೆನಪಿಡುತ್ತದೆ. ಹಾಗೆಯೇ ಗೆದ್ದದ್ದು ಪ್ರಾಮಾಣಿಕತೆಗೆ ಸಾಕ್ಷಿಯಲ್ಲ. ಗಾಳಕ್ಕೆ ಎರೆ ಸಿಕ್ಕಿಸುವುದು ಮೀನಿನ ಮೇಲಿನ ಪ್ರೀತಿಯಿಂದಲ್ಲ. ಆಡುವವನು ತನ್ನ ಸೋಲು ಗೆಲುವಿನಿಂದ ಏನನ್ನೂ ತೀರ್ಮಾನಿಸಲಾರ. ನಮ್ಮ ಉತ್ತರವೂ ಇದೇ. “ಅಲ್ಲಿ ಮೋಸ ಇದೆಯೇ?” ಎಂಬುದಕ್ಕೆ ಹೌದು, ಅಲ್ಲ ಎಂದು ನಿಮಗಾಗಲಿ ನನಗಾಗಲಿ ಹೇಳಲು ಸಾಧ್ಯವಿಲ್ಲ. ಹೇಳಲು ಸಾಧ್ಯವಿಲ್ಲದ ಕಡೆ ಮನೆಯ ಹಣ ಕಟ್ಟಲು ಮನಸ್ಸಾಕ್ಷಿ ಒಪ್ಪಬಾರದು.

ಗೆದ್ದವನಿಗೂ ಒಂದು ಮಾತು. ಗೆಳೆಯನ ಜೊತೆ ಸೇರಿ ಮೂರನೆಯವನನ್ನು ಸುಲಿದಿದ್ದರೆ ಅದು ಜಾಣತನವಲ್ಲ, ಕಳ್ಳತನ. ಪಾಪನಿವೇದನೆ ಮಾಡಿದ ಮಾತ್ರಕ್ಕೆ ಹಣ ಹಿಂದಿರುಗಿಸುವ ಹೊಣೆ ತೀರುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದು

ಮಗ ಸಾಲದಲ್ಲಿ ಸಿಕ್ಕಿಕೊಂಡಿದ್ದಾನೆಂದು ತಿಳಿದರೆ ಮೊದಲ ಮಾತು ಬೈಗುಳವಾಗದಿರಲಿ. ನಾಚಿಕೆಯೇ ಅವನನ್ನು ಮತ್ತೆ ಆಟಕ್ಕೆ, ಮತ್ತೊಂದು ಸಾಲಕ್ಕೆ ದೂಡುತ್ತದೆ. ಸಾಲವೆಷ್ಟು, ಯಾರಿಗೆ ಎಂದು ಕಾಗದದ ಮೇಲೆ ಬರೆಸಿ. ಕಳೆದದ್ದನ್ನು ಆಡಿಯೇ ಪಡೆಯುತ್ತೇನೆಂದರೆ ಒಪ್ಪಬೇಡಿ. ಹಣ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನಸ್ಸು ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇದೆ. ನಿಮ್ಮ ಧರ್ಮಕೇಂದ್ರದ ಗುರುಗಳ ಬಾಗಿಲೂ ತೆರೆದಿದೆ.

ಕುಟುಂಬದಲ್ಲಿ ಚರ್ಚಿಸಿ

1. ನಮ್ಮ ಮನೆಯ ಹಣದಲ್ಲಿ ‘ನನ್ನದು’ ಯಾವುದು, ‘ನಮ್ಮದು’ ಯಾವುದು?
2. ತೂಕದ ಯಂತ್ರ ನೋಡಿ ಅಡಿಕೆ ಮಾರುವ ನಾವು ಕಾಣದ ಯಾವ ಯಾವ ತಕ್ಕಡಿಗಳನ್ನು ನಂಬಿದ್ದೇವೆ?
3. ನಮ್ಮಲ್ಲಿ ಒಬ್ಬರು ಸಾಲ ಮಾಡಿಕೊಂಡರೆ ಹೆದರದೆ ಹೇಳಿಕೊಳ್ಳುವಂಥ ವಾತಾವರಣ ನಮ್ಮ ಮನೆಯಲ್ಲಿದೆಯೇ?